ಆಣೆಗೆ ಕಟ್ಟುಬಿದ್ದ ಬಂಡಾಯಗಾರ

ಅರಸನಿಗೆ ವಿಧೇಯನಾಗಿರುವುದು ಕ್ರೈಸ್ತನ ಕರ್ತವ್ಯವೇ? ಪವಿತ್ರ ಗ್ರಂಥವನ್ನು ತೆರೆದು ಉತ್ತರ ಹುಡುಕುವವರಿಗೆ ಎರಡು ಪುಟಗಳು ಎದುರಾಗುತ್ತವೆ. ರೋಮನರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯದಲ್ಲಿ ಸಂತ ಪೌಲರು, ಆಳುವವರ ಅಧಿಕಾರವು ದೇವರಿಂದಲೇ ಬಂದದ್ದೆಂದೂ ಅದನ್ನು ಎದುರಿಸುವವನು ದೇವರ ಏರ್ಪಾಟನ್ನೇ ಎದುರಿಸುತ್ತಾನೆಂದೂ ಬೋಧಿಸುತ್ತಾರೆ. ಪ್ರೇಷಿತರ ಕಾರ್ಯಕಲಾಪಗಳ ಐದನೆಯ ಅಧ್ಯಾಯದಲ್ಲಿ ಸಂತ ಪೇತ್ರರು ನ್ಯಾಯಸಭೆಯ ಮುಂದೆ ನಿಂತು, ಮನುಷ್ಯರಿಗಿಂತ ಮಿಗಿಲಾಗಿ ದೇವರಿಗೆ ವಿಧೇಯರಾಗಬೇಕೆಂದು ದಿಟ್ಟವಾಗಿ ನುಡಿಯುತ್ತಾರೆ. ಎರಡೂ ಒಂದೇ ಗ್ರಂಥದ ಮಾತುಗಳು. ಇವೆರಡರಲ್ಲಿ ಯಾವುದು ಯಾವ ಗಳಿಗೆಗೆ ಸಲ್ಲುತ್ತದೆಂದು ಗ್ರಂಥವು ಬಿಡಿಸಿ ಹೇಳುವುದಿಲ್ಲ. ಆ ಹೊಣೆಯನ್ನು ನಮ್ಮ ಅಂತಸ್ಸಾಕ್ಷಿಗೆ ಬಿಟ್ಟಿದೆ. ಈ ಹೊಣೆ ಎಷ್ಟು ಭಾರವಾದದ್ದೆಂಬುದನ್ನು ತಿಳಿಯಬಯಸುವ ಓದುಗರ ಮುಂದೆ, ಏಳೂವರೆ ಶತಮಾನಗಳ ಹಿಂದೆ ಇಂಗ್ಲೆಂಡಿನಲ್ಲಿ ಬಾಳಿದ ಒಬ್ಬ ಶ್ರೀಮಂತನ ಜೀವನವನ್ನು ಇಡಲು ಬಯಸುತ್ತೇನೆ. ಅವನು ಲೆಸ್ಟರಿನ ಅರ್ಲ್ ಸೈಮನ್ ಡಿ ಮಾಂಟ್‌ಫೋರ್ಟ್. ಅರಸನ ತಂಗಿಯ ಗಂಡ; ಅದೇ ಅರಸನನ್ನು ಯುದ್ಧದಲ್ಲಿ ಸೆರೆಹಿಡಿದವನು. ಜಗದ್ಗುರುಗಳ ಪ್ರತಿನಿಧಿಯಿಂದ ಬಹಿಷ್ಕಾರಕ್ಕೆ ಒಳಗಾದವನು. ಸತ್ತ ಮೇಲೆ ಬಡವರಿಂದ ಸಂತನೆಂದು ಕರೆಸಿಕೊಂಡವನು.

ಸೈಮನ್ ಹುಟ್ಟಿದ್ದು ಫ್ರಾನ್ಸಿನಲ್ಲಿ, ಸುಮಾರು 1208ರಲ್ಲಿ. ಅವನ ತಂದೆಯ ಹೆಸರೂ ಸೈಮನ್ ಎಂದೇ. ದಕ್ಷಿಣ ಫ್ರಾನ್ಸಿನ ಆಲ್ಬಿಜೆನ್ಸಿಯನ್ ಪಂಥದವರ ವಿರುದ್ಧ ನಡೆದ ಶಿಲುಬೆಯ ಯುದ್ಧದ ನಾಯಕನಾಗಿದ್ದ ಆ ತಂದೆ ಭಕ್ತಿಗೂ ಕ್ರೌರ್ಯಕ್ಕೂ ಸಮಾನವಾಗಿ ಹೆಸರಾದವನು. 1218ರಲ್ಲಿ ತುಲೂಸ್ ನಗರದ ಮುತ್ತಿಗೆಯಲ್ಲಿ ಕಲ್ಲೆಸೆಯುವ ಯಂತ್ರದಿಂದ ಬಂದ ಕಲ್ಲು ಬಡಿದು ಸತ್ತನು. ಹಿರಿಯ ಮಗನಲ್ಲದ ಕಾರಣ ನಮ್ಮ ಸೈಮನನಿಗೆ ಫ್ರಾನ್ಸಿನಲ್ಲಿ ಹೇಳಿಕೊಳ್ಳುವಂಥ ಆಸ್ತಿ ಇರಲಿಲ್ಲ. ಅಜ್ಜಿಯ ಕಡೆಯಿಂದ ಬರಬೇಕಾಗಿದ್ದ ಲೆಸ್ಟರಿನ ಭೂಮಿಗಾಗಿ ಅವನು ಇಂಗ್ಲೆಂಡಿಗೆ ಬಂದನು. ಅಣ್ಣ ಅಮೋರಿ ತನ್ನ ಹಕ್ಕನ್ನು ಬಿಟ್ಟುಕೊಟ್ಟನು. 1231ರ ಹೊತ್ತಿಗೆ ಭೂಮಿ ಕೈಗೆ ಬಂತು. ಅರಸ ಮೂರನೆಯ ಹೆನ್ರಿಗೆ ಈ ಚತುರ ಯುವಕನ ಮೇಲೆ ಅಕ್ಕರೆ ಬೆಳೆಯಿತು.

ಎಷ್ಟು ಅಕ್ಕರೆಯೆಂದರೆ, 1238ರ ಜನವರಿಯಲ್ಲಿ ಅರಸನು ತನ್ನ ತಂಗಿ ಎಲಿನರಳನ್ನು ವೆಸ್ಟ್‌ಮಿನ್‌ಸ್ಟರಿನ ತನ್ನ ಖಾಸಗಿ ಪ್ರಾರ್ಥನಾಲಯದಲ್ಲಿ ಗುಟ್ಟಾಗಿ ಸೈಮನನಿಗೆ ಮದುವೆ ಮಾಡಿಕೊಟ್ಟನು. ಇಲ್ಲಿ ಒಂದು ತೊಡಕಿತ್ತು. ಎಲಿನರ್ ವಿಧವೆ. ಮೊದಲ ಗಂಡ ತೀರಿಕೊಂಡ ಬಳಿಕ, ಇನ್ನು ಮರುಮದುವೆಯಾಗದೆ ಪರಿಶುದ್ಧ ಜೀವನ ನಡೆಸುವೆನೆಂದು ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷ ಎಡ್ಮಂಡರ ಮುಂದೆ ವ್ರತ ಕೈಗೊಂಡಿದ್ದಳು. ಆಗ ಅವಳಿನ್ನೂ ಹದಿಹರೆಯದ ಹುಡುಗಿ. ಆ ವ್ರತ ಮುರಿದು ನಡೆದ ಮದುವೆಯನ್ನು ಮಹಾಧರ್ಮಾಧ್ಯಕ್ಷರು ಒಪ್ಪಲಿಲ್ಲ. ಸೈಮನ್ ರೋಮಿಗೆ ಹೋಗಿ, ಕೈಬಿಚ್ಚಿ ಹಣ ಖರ್ಚುಮಾಡಿ, ಜಗದ್ಗುರುಗಳಿಂದ ಮದುವೆಗೆ ಮಾನ್ಯತೆ ಪಡೆದು ಬಂದನು. ಈ ಪ್ರಸಂಗವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಆಣೆಯ ಪಾವಿತ್ರ್ಯಕ್ಕಾಗಿ ರಾಜ್ಯವನ್ನೇ ಅಲುಗಾಡಿಸಿದ ಈ ಮನುಷ್ಯನ ಸಂಸಾರವು ನಿಂತಿದ್ದುದು ರೋಮಿನಿಂದ ಸಡಿಲಗೊಂಡ ಒಂದು ವ್ರತದ ಮೇಲೆ.

ಆ ಕಾಲದಲ್ಲಿ ಆಣೆ ಎಂದರೇನೆಂಬುದನ್ನು ಇಂದು ನಾವು ಊಹಿಸಿಕೊಳ್ಳುವುದು ಕಷ್ಟ. ಲಿಖಿತ ಕರಾರು ಓದಬಲ್ಲವರು ವಿರಳವಾಗಿದ್ದ ಸಮಾಜದಲ್ಲಿ ಶುಭಸಂದೇಶದ ಗ್ರಂಥದ ಮೇಲೋ ಸಂತರ ಅವಶೇಷಗಳ ಮೇಲೋ ಕೈಯಿಟ್ಟು ಆಡಿದ ಮಾತೇ ರಾಜ್ಯವನ್ನು ಹಿಡಿದು ನಿಲ್ಲಿಸಿದ್ದ ಕಂಬ. ಸಾಮಂತನು ಅರಸನಿಗೆ ನಿಷ್ಠೆಯ ಆಣೆಯಿಡುತ್ತಿದ್ದನು. ಅರಸನು ಪಟ್ಟಾಭಿಷೇಕದಲ್ಲಿ ನ್ಯಾಯವಾಗಿ ಆಳುವೆನೆಂದು ದೇವರ ಮುಂದೆ ಆಣೆಯಿಡುತ್ತಿದ್ದನು. ಹಾಗಾದರೆ ಅರಸನು ತನ್ನ ಆಣೆಗೆ ತಪ್ಪಿದಾಗ ಸಾಮಂತನ ಆಣೆಯ ಗತಿಯೇನು? ಹದಿಮೂರನೆಯ ಶತಮಾನದ ಇಂಗ್ಲೆಂಡನ್ನು ಕಾಡಿದ ಪ್ರಶ್ನೆ ಇದೇ.

ಹೆನ್ರಿ ದುಷ್ಟ ಅರಸನಾಗಿರಲಿಲ್ಲ ಎಂಬುದನ್ನು ಹೇಳದಿದ್ದರೆ ಅವನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಅವನು ಬಲಿಪೂಜೆಯನ್ನು ತಪ್ಪಿಸದ ಭಕ್ತ, ಬಡವರಿಗೆ ಊಟವಿಕ್ಕಿಸುತ್ತಿದ್ದ ದಾನಿ. ವೆಸ್ಟ್‌ಮಿನ್‌ಸ್ಟರಿನ ಭವ್ಯ ದೇವಾಲಯವನ್ನು 1245ರಿಂದ ಮರಳಿ ಕಟ್ಟಿಸಿದವನು ಅವನೇ. ಆದರೆ ಒಳ್ಳೆಯ ಭಕ್ತನು ಒಳ್ಳೆಯ ಆಡಳಿತಗಾರನೂ ಆಗಿರಬೇಕೆಂಬ ನಿಯಮವಿಲ್ಲವಷ್ಟೆ. ಅವನು ನಂಬಿದವರ ಕೈಗೆ ಬೊಕ್ಕಸ ಒಪ್ಪಿಸುವನು, ಆಮೇಲೆ ನಂಬಿದವರನ್ನೇ ಸಂದೇಹಿಸುವನು. ತನ್ನ ಎರಡನೆಯ ಮಗ ಎಡ್ಮಂಡನಿಗೆ ಸಿಸಿಲಿಯ ಸಿಂಹಾಸನ ಕೊಡಿಸುವ ಆಸೆಯಿಂದ ಜಗದ್ಗುರುಗಳ ಪೀಠಕ್ಕೆ 1,35,541 ಮಾರ್ಕ್‌ಗಳಷ್ಟು ಸಾಲ ತೀರಿಸುವ ಹೊಣೆ ಹೊತ್ತನು. ತಪ್ಪಿದರೆ ಬಹಿಷ್ಕಾರಕ್ಕೂ ಒಪ್ಪಿದ್ದನು. ಕಾಣದ ದ್ವೀಪಕ್ಕಾಗಿ ಹೊತ್ತ ಈ ಸಾಲದ ಭಾರ ಯಾರ ಹೆಗಲಿಗೆ ಇಳಿಯಿತೆಂದು ಬೇರೆ ಹೇಳಬೇಕಾಗಿಲ್ಲ. ಜಿಲ್ಲೆಗಳಲ್ಲಿ ಅರಸನ ಷೆರೀಫರು ಬೇಲಿಯೇ ಎದ್ದು ಹೊಲ ಮೇಯ್ದಂತೆ ಜನರನ್ನು ಸುಲಿಯುತ್ತಿದ್ದರು. ಅದರ ಮೇಲೆ ಬೆಳೆ ಕೈಕೊಟ್ಟು, 1258ರ ಹೊತ್ತಿಗೆ ನಾಡಿನಲ್ಲಿ ಕ್ಷಾಮ ತಲೆದೋರಿತು.

ಸೈಮನನಿಗೂ ಹೆನ್ರಿಗೂ ನಡುವೆ ಅಷ್ಟರಲ್ಲಾಗಲೇ ಮನಸ್ತಾಪಗಳು ನಡೆದುಹೋಗಿದ್ದವು. 1239ರಲ್ಲಿ ಸಾಲದ ವಿಷಯವೊಂದಕ್ಕೆ ಅರಸನು ತುಂಬಿದ ಸಭೆಯಲ್ಲಿ ಸೈಮನನನ್ನು ನಿಂದಿಸಿ, ಅವನು ತನ್ನ ತಂಗಿಯನ್ನು ಮದುವೆಗೆ ಮುನ್ನವೇ ಕೆಡಿಸಿದನೆಂದು ಆರೋಪಿಸಿದಾಗ ಗಂಡಹೆಂಡಿರು ದೇಶಬಿಟ್ಟು ಹೋಗಬೇಕಾಯಿತು. 1248ರಿಂದ ಸೈಮನ್ ಅರಸನ ಪರವಾಗಿ ಫ್ರಾನ್ಸಿನ ಗ್ಯಾಸ್ಕನಿ ಪ್ರಾಂತವನ್ನು ಆಳಿದನು. ಅಲ್ಲಿಯವರು ಅವನ ಕಾಠಿಣ್ಯವನ್ನು ಸಹಿಸಲಾರದೆ ದೂರಿತ್ತಾಗ, 1252ರಲ್ಲಿ ಅರಸನು ಅವನನ್ನು ವಿಚಾರಣೆಗೆ ಗುರಿಪಡಿಸಿದನು. ಆರೋಪದಿಂದ ಬಿಡುಗಡೆಯಾದರೂ ಆ ಅವಮಾನದ ಗಾಯ ಮಾಯಲಿಲ್ಲ. 1258ರಲ್ಲಿ ಥೇಮ್ಸ್ ನದಿಯ ಮೇಲೆ ಗುಡುಗು ಸಿಡಿಲಿಗೆ ಸಿಕ್ಕ ಹೆನ್ರಿ, ದಡದಲ್ಲಿ ಸೈಮನ್ ತಂಗಿದ್ದ ಮನೆಯಲ್ಲೇ ಆಸರೆ ಪಡೆಯಬೇಕಾಗಿ ಬಂದಾಗ, ಲೋಕದ ಎಲ್ಲ ಗುಡುಗು ಮಿಂಚುಗಳಿಗಿಂತಲೂ ನಿನಗೇ ಹೆಚ್ಚು ಹೆದರುತ್ತೇನೆಂದು ಭಾವನಿಗೆ ಹೇಳಿದನಂತೆ. ಸೇಂಟ್ ಆಲ್ಬನ್ಸಿನ ಸನ್ಯಾಸಿ ಮ್ಯಾಥ್ಯೂ ಪ್ಯಾರಿಸ್ ಬರೆದಿಟ್ಟ ಕಥೆಯಿದು. ಆ ಸನ್ಯಾಸಿಗೆ ಅರಸನ ಮೇಲೆ ಅಷ್ಟೇನೂ ಪ್ರೀತಿಯಿರಲಿಲ್ಲವಾದ್ದರಿಂದ ಮಾತು ಮಾತಿಗೂ ಪ್ರಮಾಣ ಕೇಳುವುದು ಬೇಡ.

1258ರ ಏಪ್ರಿಲಿನಲ್ಲಿ ಏಳು ಮಂದಿ ಶ್ರೀಮಂತರು ಪರಸ್ಪರ ನೆರವಾಗುವ ಆಣೆಯಿಟ್ಟು ಅರಸನೆದುರು ನಿಂತರು. ಸೈಮನ್ ಅವರಲ್ಲೊಬ್ಬ. ಆ ಬೇಸಗೆಯಲ್ಲಿ ಆಕ್ಸ್‌ಫರ್ಡಿನಲ್ಲಿ ಸೇರಿದ ಸಭೆಯು ಒಂದು ಹೊಸ ವ್ಯವಸ್ಥೆಯನ್ನು ರೂಪಿಸಿತು. ಅರಸನು ಹದಿನೈದು ಮಂದಿಯ ಮಂಡಲಿಯ ಸಲಹೆಯಂತೆ ನಡೆಯಬೇಕು. ವರ್ಷಕ್ಕೆ ಮೂರು ಬಾರಿ ಪಾರ್ಲಿಮೆಂಟ್ ಸೇರಬೇಕು. ಪ್ರತಿಯೊಂದು ಜಿಲ್ಲೆಯಲ್ಲೂ ನಾಲ್ವರು ಜನರ ದೂರುಗಳನ್ನು ಕೇಳಿ ದಾಖಲಿಸಬೇಕು. ಅರಸನೂ ರಾಜಕುಮಾರ ಎಡ್ವರ್ಡನೂ ಸಾಮಂತರೂ ಇದನ್ನು ಪಾಲಿಸುವೆವೆಂದು ಆಣೆಯಿಟ್ಟರು. ಅಕ್ಟೋಬರಿನಲ್ಲಿ ಹೊರಟ ರಾಜಘೋಷಣೆಯನ್ನು ಲ್ಯಾಟಿನ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಮಾತ್ರವಲ್ಲದೆ ಸಾಮಾನ್ಯ ಜನರ ಇಂಗ್ಲಿಷಿನಲ್ಲಿಯೂ ಪ್ರಕಟಿಸಲಾಯಿತು. ಜನರ ಭಾಷೆಯಲ್ಲಿ ಜನರಿಗೆ ಹೇಳಬೇಕೆಂದು ಆಳುವವರಿಗೆ ತೋಚಿದ್ದು ಆ ನಾಡಿನ ಮಟ್ಟಿಗೆ ಸಣ್ಣ ಸಂಗತಿಯಲ್ಲ. ಮರುವರ್ಷದ ಸುಧಾರಣೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು: ಅರಸನ ಅಧಿಕಾರಿಗಳ ಮೇಲಷ್ಟೇ ಅಲ್ಲ, ಸಾಮಂತರ ಸ್ವಂತ ಅಧಿಕಾರಿಗಳ ದಬ್ಬಾಳಿಕೆಯ ಮೇಲೂ ಕಡಿವಾಣ ಬಿತ್ತು. ಅಲ್ಲಿಗೆ ಹಲವು ಶ್ರೀಮಂತರ ಉತ್ಸಾಹ ಇಳಿದುಹೋಯಿತು. ಪಕ್ಕದ ಮನೆಯನ್ನು ಗುಡಿಸಲು ಹೊರಟ ಪೊರಕೆ ತಮ್ಮ ಮನೆಯ ಹೊಸ್ತಿಲು ದಾಟಿದಾಗ ಮುಖ ಗಂಟಿಕ್ಕುವುದು ಯಾವ ಕಾಲಕ್ಕೂ ಹೊಸದಲ್ಲ.

1261ರಲ್ಲಿ ಹೆನ್ರಿ ತನ್ನ ಆಣೆಯಿಂದ ಬಿಡುಗಡೆ ಕೋರಿ ಜಗದ್ಗುರು ನಾಲ್ಕನೆಯ ಅಲೆಕ್ಸಾಂಡರರಿಂದ ವಿಮೋಚನಾ ಪತ್ರವನ್ನು ತರಿಸಿಕೊಂಡನು. ಒಬ್ಬೊಬ್ಬರಾಗಿ ಸಾಮಂತರು ಅರಸನ ಕಡೆಗೆ ತಿರುಗಿದರು. ಸೈಮನ್ ಮಾತ್ರ ರಾಜಿಗೆ ಒಪ್ಪದೆ ದೇಶಬಿಟ್ಟು ಫ್ರಾನ್ಸಿಗೆ ಹೋದನು. ದೇವರ ಹೆಸರಿನಲ್ಲಿ ಕೊಟ್ಟ ಮಾತನ್ನು ಚರ್ಮದ ಹಾಳೆಯ ಮೇಲಿನ ಒಂದು ಮುದ್ರೆ ಅಳಿಸಿಹಾಕಲಾರದೆಂಬುದು ಅವನ ನಿಲುವು.

ಈ ಹಟ ಎಲ್ಲಿಂದ ಬಂತು? ಸೈಮನನ ಸ್ನೇಹಿತರನ್ನು ನೋಡಿದರೆ ಉತ್ತರ ಸ್ವಲ್ಪ ಹೊಳೆಯುತ್ತದೆ. ಲಿಂಕನ್ನಿನ ಧರ್ಮಾಧ್ಯಕ್ಷ ರಾಬರ್ಟ್ ಗ್ರೋಸ್‌ಟೆಸ್ಟ್ ಅವನ ಹಿರಿಯ ಮಿತ್ರರು. ಅಂದಿನ ಯೂರೋಪಿನ ಮಹಾವಿದ್ವಾಂಸರಲ್ಲಿ ಒಬ್ಬರು. 1253ರಲ್ಲಿ ಜಗದ್ಗುರು ನಾಲ್ಕನೆಯ ಇನೊಸೆಂಟರು ತಮ್ಮ ಸೋದರ ಸಂಬಂಧಿಯೊಬ್ಬನಿಗೆ ಲಿಂಕನ್ ದೇವಾಲಯದ ಆದಾಯದ ಹುದ್ದೆಯನ್ನು ಕೊಡಬೇಕೆಂದು ಆಜ್ಞಾಪಿಸಿದಾಗ, ಸಾವಿನ ಹೊಸ್ತಿಲಲ್ಲಿದ್ದ ಈ ವೃದ್ಧರು ಒಪ್ಪಲಿಲ್ಲ. ಪೀಠದ ಮೇಲಿನ ಗೌರವದಿಂದಲೇ ಈ ಆಜ್ಞೆಯನ್ನು ತಾವು ಪಾಲಿಸಲಾರೆವೆಂಬುದು ಅವರ ವಾದದ ತಿರುಳು. ಆತ್ಮಗಳ ಪಾಲನೆಗಾಗಿ ಇರುವ ಅಧಿಕಾರವು ಆತ್ಮಗಳ ಹಾನಿಗೆ ಬಳಕೆಯಾಗುವಾಗ, ಬೇಡವೆನ್ನುವುದೇ ನಿಜವಾದ ವಿಧೇಯತೆ ಎಂದು ಅವರು ತಿಳಿದಿದ್ದರು. ಅರಸೊತ್ತಿಗೆ ಮತ್ತು ನಿರಂಕುಶತೆಯ ಭೇದವನ್ನು ಕುರಿತ ಅವರ ಕಿರುಬರಹವೊಂದು ಸೈಮನನ ಕೈಸೇರಿತ್ತು. ಇನ್ನೊಬ್ಬ ಮಿತ್ರರು ಸಂತ ಫ್ರಾನ್ಸಿಸರ ಸಭೆಯ ಆ್ಯಡಮ್ ಮಾರ್ಷ್. ಇವರು ಸೈಮನನಿಗೂ ಎಲಿನರಳಿಗೂ ಬರೆದ ಪತ್ರಗಳು ಉಳಿದು ಬಂದಿವೆ. ಕುಟುಂಬಸ್ಥರು ಓದಬೇಕಾದ ಪತ್ರಗಳು. ಸೈಮನನಿಗೆ ಅವರು ತಾಳ್ಮೆಯ ಪಾಠ ಹೇಳಿ ಯೋಬನ ಗ್ರಂಥವನ್ನು ಓದುವಂತೆ ತಿಳಿಸುತ್ತಾರೆ. ಎಲಿನರಳಿಗಾದರೋ ಸಿಡುಕನ್ನು ಬಿಡು, ಉಡುಪಿನ ಆಡಂಬರ ಬಿಡು ಎಂದು ಹಿರಿಯಣ್ಣನಂತೆ ಬುದ್ಧಿ ಹೇಳುತ್ತಾರೆ. ಅರಸನ ತಂಗಿಗೆ ಬರಿಗಾಲಿನ ಸನ್ಯಾಸಿ ಹೀಗೆ ಬರೆಯಬಹುದಾಗಿತ್ತು, ಅವಳು ಅದನ್ನು ಓದುತ್ತಿದ್ದಳು ಎಂಬುದೇ ಆ ಮನೆಯ ಬಗ್ಗೆ ಒಳ್ಳೆಯ ಸಾಕ್ಷಿ.

ಅದೇ ಕಾಲದಲ್ಲಿ ಸಂತ ಥಾಮಸ್ ಅಕ್ವಿನಾಸರೂ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರು. ನಿರಂಕುಶ ಆಳ್ವಿಕೆಯು ಎಲ್ಲರ ಹಿತಕ್ಕಲ್ಲದೆ ಆಳುವವನ ಸ್ವಂತ ಹಿತಕ್ಕಾಗಿ ನಡೆಯುವುದರಿಂದ ಅದನ್ನು ಅಲುಗಿಸುವುದು ದಂಗೆಯೆನಿಸದು. ನಿಜವಾದ ದಂಗೆಕೋರನು ಜನರಲ್ಲಿ ಒಡಕು ಬಿತ್ತುವ ನಿರಂಕುಶನೇ ಎಂಬುದು ಅವರ ತೀರ್ಮಾನ. ಆದರೆ ಅವರು ಒಂದು ಎಚ್ಚರಿಕೆಯನ್ನೂ ಸೇರಿಸಿದರು: ಎದುರಿಸುವುದರಿಂದ ಉಂಟಾಗುವ ಕೇಡು ನಿರಂಕುಶತೆಯ ಕೇಡಿಗಿಂತ ಹೆಚ್ಚಾಗಬಾರದು. ಇನ್ನೊಂದು ಬರಹದಲ್ಲಿ, ಇಂಥ ಕಾರ್ಯವನ್ನು ಯಾರೋ ಒಬ್ಬರು ತಮ್ಮಿಚ್ಛೆಯಂತೆ ಮಾಡದೆ ಸಾರ್ವಜನಿಕ ಅಧಿಕಾರದಿಂದ ಮಾಡಬೇಕೆನ್ನುತ್ತಾರೆ. ಈ ಅಳತೆಗೋಲನ್ನು ಹಿಡಿದು ಸೈಮನನನ್ನು ಅಳೆಯಹೊರಟರೆ ಕೆಲವು ಕಡೆ ಅವನು ಸರಿಯಾಗಿ ನಿಲ್ಲುತ್ತಾನೆ, ಕೆಲವು ಕಡೆ ತಪ್ಪುತ್ತಾನೆ. 1258ರ ಸುಧಾರಣೆ ಒಬ್ಬನ ಕೆಲಸವಾಗಿರಲಿಲ್ಲ, ನಾಡಿನ ಹಿರಿಯರೆಲ್ಲ ಕೂಡಿ ಮಾಡಿದ್ದು. ಆದರೆ ಬರಬರುತ್ತ ಅದು ಒಬ್ಬನದೇ ಆಗತೊಡಗಿತು.

ಅವನ ಉದ್ದೇಶವೂ ಎಲ್ಲ ಕಾಲಕ್ಕೂ ನಿರ್ಮಲವಾಗಿರಲಿಲ್ಲ. ಎಲಿನರಳಿಗೆ ಮೊದಲ ಗಂಡನ ಆಸ್ತಿಯಿಂದ ಬರಬೇಕಾಗಿದ್ದ ವಿಧವಾಭಾಗವನ್ನು ಅವಳ ಅಣ್ಣನಾದ ಅರಸನು ಸರಿಯಾಗಿ ಇತ್ಯರ್ಥಪಡಿಸಿರಲಿಲ್ಲ. ದೂರು ನ್ಯಾಯವಾದದ್ದೇ. ಆದರೆ 1259ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸಿನ ನಡುವೆ ಬಹುಕಾಲದ ಯುದ್ಧವನ್ನು ಕೊನೆಗಾಣಿಸುವ ಒಪ್ಪಂದಕ್ಕೆ ಎಲಿನರಳ ಸಮ್ಮತಿಯೂ ಬೇಕಾದಾಗ, ಗಂಡಹೆಂಡಿರು ತಮ್ಮ ಬಾಕಿ ಮೊದಲು ತೀರಲಿ ಎಂದು ಹಟ ಹಿಡಿದು ಶಾಂತಿಯನ್ನೇ ತಡೆದು ನಿಲ್ಲಿಸಿದರು. ಸಹಸುಧಾರಕರಿಗೂ ಇದು ಹಿಡಿಸಲಿಲ್ಲ. ಲೋಕದ ಅನ್ಯಾಯವನ್ನು ಎದುರಿಸುವಾಗ ನಮ್ಮದೇ ಒಂದು ಲೆಕ್ಕದ ಪುಸ್ತಕವೂ ಕಂಕುಳಲ್ಲಿ ಇರುತ್ತದೆಯಲ್ಲವೇ? ಆಸ್ತಿಯ ಪಾಲಿಗಾಗಿ ಒಡಹುಟ್ಟಿದವರ ನಡುವೆ ಮಾತು ನಿಂತ ಮನೆಗಳನ್ನು ಬಲ್ಲ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೂರು ನಿಜವಾದ್ದರಿಂದಲೇ ಅದು ಹೆಚ್ಚು ಅಪಾಯಕಾರಿ. ಸುಳ್ಳು ದೂರನ್ನು ಮನಸ್ಸು ಒಂದಲ್ಲ ಒಂದು ದಿನ ಬಿಟ್ಟುಬಿಡುತ್ತದೆ, ನಿಜವಾದದ್ದನ್ನು ಬಿಡುವುದಿಲ್ಲ.

ಸೈಮನ್ 1263ರಲ್ಲಿ ಮರಳಿ ಬಂದಾಗ ಜನ ಅವನ ಸುತ್ತ ನೆರೆದರು. ಎರಡು ಪಕ್ಷಗಳೂ ತಮ್ಮ ವ್ಯಾಜ್ಯವನ್ನು ಫ್ರಾನ್ಸಿನ ಅರಸ ಒಂಬತ್ತನೆಯ ಲೂಯಿಯ ತೀರ್ಪಿಗೆ ಒಪ್ಪಿಸಿ, ಅವನು ಹೇಳಿದಂತೆ ಕೇಳುವೆವೆಂದು ಆಣೆಯಿಟ್ಟವು. ಮುಂದೆ ಧರ್ಮಸಭೆಯಿಂದ ಸಂತ ಪದವಿ ಪಡೆದ ಲೂಯಿ ನ್ಯಾಯಕ್ಕೆ ಹೆಸರಾದವನು. ಆದರೆ 1264ರ ಜನವರಿಯಲ್ಲಿ ಆಮಿಯಾಂ ನಗರದಲ್ಲಿ ಅವನು ಕೊಟ್ಟ ತೀರ್ಪು ಸಂಪೂರ್ಣವಾಗಿ ಹೆನ್ರಿಯ ಪರವಾಗಿತ್ತು. ಆಕ್ಸ್‌ಫರ್ಡಿನ ವ್ಯವಸ್ಥೆಯೆಲ್ಲ ರದ್ದಾಯಿತು. ಸೈಮನ್ ಈ ತೀರ್ಪಿಗೆ ತಲೆಬಾಗಲಿಲ್ಲ. ಒಂದು ಆಣೆಯನ್ನು ಉಳಿಸಲು ಇನ್ನೊಂದು ಆಣೆಯನ್ನು ಮುರಿದನು. ಅವನ ಪಕ್ಷದವರು ಇದಕ್ಕೆ ಸಮಾಧಾನಗಳನ್ನು ಹೇಳಿದರು. ಮೊದಲಿನ ಆಣೆ ದೊಡ್ಡದು, ಅದನ್ನು ಯಾವ ತೀರ್ಪುಗಾರನೂ ತೊಡೆಯಲಾರ ಎಂದು ನಾವೂ ಹೇಳಬಹುದು. ಆದರೂ ಅರಸನು ರೋಮಿನಿಂದ ಬಿಡುಗಡೆ ತರಿಸಿದ್ದು ವಚನಭಂಗವಾದರೆ ಇದು ಅಲ್ಲವೆನ್ನುವುದು ಹೇಗೆ? ಕನಿಷ್ಠ ಪಕ್ಷ ಹೆನ್ರಿ ಇನ್ನೊಬ್ಬರ ಅನುಮತಿ ಕೇಳಿದ್ದನು. ಸೈಮನ್ ತನಗೆ ತಾನೇ ಅನುಮತಿ ಕೊಟ್ಟುಕೊಂಡನು.

ಇನ್ನು ದೀಪದ ಬುಡದ ಕತ್ತಲೆಗೆ ಬರೋಣ. ಸೈಮನನನ್ನು ಹೊಗಳುವ ಅನೇಕರು ಬೇಗಬೇಗನೆ ದಾಟಿಹೋಗುವ ಜಾಗವಿದು. ಲೆಸ್ಟರಿನ ಒಡೆತನ ಕೈಸೇರಿದ ಹೊಸತರಲ್ಲೇ, ಪಟ್ಟಣದಲ್ಲಿದ್ದ ಯೆಹೂದ್ಯರನ್ನು ಹೊರಗಟ್ಟಿ, ತನ್ನ ಕಾಲದಲ್ಲಾಗಲಿ ತನ್ನ ವಾರಸುದಾರರ ಕಾಲದಲ್ಲಾಗಲಿ ಲೋಕಾಂತ್ಯದವರೆಗೆ ಅವರು ಅಲ್ಲಿ ನೆಲಸಕೂಡದೆಂದು ಶಾಸನ ಬರೆಸಿದನು. ತನ್ನ ಆತ್ಮದ ಕ್ಷೇಮಕ್ಕಾಗಿ, ಪೂರ್ವಜರ ಆತ್ಮಗಳ ಕ್ಷೇಮಕ್ಕಾಗಿ! ಹೊರದೂಡಲ್ಪಟ್ಟವರಿಗೆ ಪಟ್ಟಣದ ಪಕ್ಕದ ತನ್ನ ಭೂಮಿಯಲ್ಲಿ ಎಡೆಕೊಟ್ಟವಳು ಅವನ ಅಜ್ಜಿಯ ಸೋದರಿ, ವಿಂಚೆಸ್ಟರಿನ ಕೌಂಟೆಸ್ ಮಾರ್ಗರೆಟ್. ಆಗ ಲೆಸ್ಟರಿನಲ್ಲಿ ಸೇವೆಯಲ್ಲಿದ್ದ ಗ್ರೋಸ್‌ಟೆಸ್ಟರು ಆ ಹೆಣ್ಣುಮಗಳಿಗೆ ಪತ್ರ ಬರೆದು, ಯೆಹೂದ್ಯರನ್ನು ಕೊಲ್ಲಕೂಡದು, ಆದರೆ ಬಡ್ಡಿಯ ವ್ಯವಹಾರಕ್ಕೂ ಬಿಡಬಾರದು, ಅವರು ದುಡಿದು ಉಣ್ಣಲಿ ಎಂದು ಕಟುವಾಗಿಯೇ ತಿಳಿಸಿದರು. ಅಧಿಕಾರದ ಮಿತಿಯನ್ನು ಅಷ್ಟು ಸ್ಪಷ್ಟವಾಗಿ ಕಂಡ ಆ ಮಹಾನುಭಾವರ ಕಣ್ಣಿಗೂ ಇದು ಕಾಣಿಸಲಿಲ್ಲ. ಆ ದಿನಗಳಲ್ಲಿ ಭೂಮಿ ಹೊಂದುವ, ಕಸುಬು ನಡೆಸುವ ದಾರಿಗಳನ್ನು ಯೆಹೂದ್ಯರಿಗೆ ಮುಚ್ಚಿ, ಸಾಲ ಕೊಡುವ ಕೆಲಸಕ್ಕೆ ನೂಕಿ, ಆ ಸಾಲದ ಲಾಭವನ್ನು ಅರಸನೇ ತೆರಿಗೆಯಾಗಿ ಹೀರುತ್ತಿದ್ದನು. ಸಾಲಗಾರರ ಸಿಟ್ಟು ಮಾತ್ರ ಯೆಹೂದ್ಯನ ಬಾಗಿಲಿಗೆ ಬರುತ್ತಿತ್ತು.

1264ರ ವಸಂತದಲ್ಲಿ, ಯುದ್ಧದ ಮುನ್ನ, ಆ ಸಿಟ್ಟು ಲಂಡನ್ನಿನಲ್ಲಿ ರಕ್ತವಾಗಿ ಹರಿಯಿತು. ನೂರಾರು ಯೆಹೂದ್ಯರು ಕೊಲ್ಲಲ್ಪಟ್ಟರು. ದಾಳಿಯ ಮುಂಚೂಣಿಯಲ್ಲಿದ್ದವನು ಸೈಮನನ ಆಪ್ತ ಬೆಂಬಲಿಗ ಜಾನ್ ಫಿಟ್ಸ್‌ಜಾನ್. ದೋಚಿದ ಹಣದಲ್ಲಿ ಸೈಮನನಿಗೂ ಪಾಲು ಸಂದಿತೆಂದು ವೃತ್ತಾಂತಕಾರ ಥಾಮಸ್ ವೈಕ್ಸ್ ಬರೆದಿದ್ದಾನೆ. ಅವನು ಅರಸನ ಪಕ್ಷಪಾತಿ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ, ಬೇರೆ ಪಟ್ಟಣಗಳಲ್ಲಿಯೂ ಸೈಮನನ ಕಡೆಯವರಿಂದಲೇ ಇಂಥ ಹತ್ಯೆಗಳು ನಡೆದವೆಂಬುದನ್ನು ಅಲ್ಲಗಳೆಯುವಂತಿಲ್ಲ. ನ್ಯಾಯಕ್ಕಾಗಿ ನಡೆದ ಚಳವಳಿ ಇದು! ಬಡ ರೈತನ ದೂರನ್ನು ಕೇಳಲು ಪ್ರತಿ ಜಿಲ್ಲೆಯಲ್ಲಿ ನಾಲ್ವರನ್ನು ನೇಮಿಸಿದವರಿಗೆ, ಪಕ್ಕದ ಬೀದಿಯ ಯೆಹೂದ್ಯ ತಾಯಿಯ ಕೂಗು ದೂರೆನಿಸಲಿಲ್ಲ. ಕಾಲವೇ ಹಾಗಿತ್ತೆಂದು ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಅದೇ ಕಾಲದಲ್ಲಿ, ಅದೇ ಊರಿನಲ್ಲಿ, ಅದೇ ಮನೆತನದ ಮುದುಕಿಯೊಬ್ಬಳು ಅವರಿಗೆ ನೆಲೆ ಕೊಟ್ಟಿದ್ದಳು, ಅವಳ ಉದ್ದೇಶ ಲಾಭವೇ ಆಗಿದ್ದಿರಲಿ. ಧರ್ಮಸಭೆಯ ಪಾಲೂ ಇಲ್ಲಿ ಸಣ್ಣದಲ್ಲ. 1222ರ ಆಕ್ಸ್‌ಫರ್ಡ್ ಧರ್ಮಪರಿಷತ್ತು ಯೆಹೂದ್ಯರು ಗುರುತಿನ ಪಟ್ಟಿ ಧರಿಸಬೇಕೆಂದು ವಿಧಿಸಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯು ಯೆಹೂದ್ಯದ್ವೇಷವನ್ನು ಖಂಡಿಸಿ ಘೋಷಣೆ ಹೊರಡಿಸಿದ್ದು 1965ರಲ್ಲಿ. ಆಕ್ಸ್‌ಫರ್ಡ್ ಪರಿಷತ್ತಿನ ವಿಧಿಗಳಿಗಾಗಿ ಅದೇ ನಗರದಲ್ಲಿ ಆಂಗ್ಲ ಧರ್ಮಸಭೆಯವರು ಪಶ್ಚಾತ್ತಾಪದ ಆರಾಧನೆ ನಡೆಸಿದ್ದು 2022ರಲ್ಲಿ, ಎಂಟುನೂರು ವರ್ಷಗಳ ಬಳಿಕ.

1264ರ ಮೇ 14ರಂದು ಲೂಯಿಸ್ ಎಂಬ ಪಟ್ಟಣದ ಬಳಿ ಸೈಮನನ ಚಿಕ್ಕ ಸೈನ್ಯವು ಅರಸನ ದೊಡ್ಡ ಸೈನ್ಯವನ್ನು ಸೋಲಿಸಿತು. ಅವನ ಸೈನಿಕರು ಶಿಲುಬೆಯ ಯುದ್ಧಕ್ಕೆ ಹೊರಟವರಂತೆ ಬಟ್ಟೆಯ ಮೇಲೆ ಬಿಳಿಯ ಶಿಲುಬೆಗಳನ್ನು ಧರಿಸಿದ್ದರು. ವೂಸ್ಟರಿನ ಧರ್ಮಾಧ್ಯಕ್ಷ ವಾಲ್ಟರ್ ಕ್ಯಾಂಟಿಲೂಪರು ಅವರಿಗೆ ಪಾಪವಿಮೋಚನೆ ಕೊಟ್ಟು ಕಳುಹಿಸಿದ್ದರು. ಅರಸನೂ ರಾಜಕುಮಾರ ಎಡ್ವರ್ಡನೂ ಸೆರೆಯಾದರು. ಹದಿನೈದು ತಿಂಗಳ ಕಾಲ ಸೈಮನನೇ ಅರಸನ ಮುದ್ರೆಯೊತ್ತಿ ಅರಸನ ಹೆಸರಿನಲ್ಲಿ ಆಳಿದನು. 1265ರ ಜನವರಿ 20ರಂದು ವೆಸ್ಟ್‌ಮಿನ್‌ಸ್ಟರಿನಲ್ಲಿ ಸೇರಿದ ಪಾರ್ಲಿಮೆಂಟಿಗೆ ಶ್ರೀಮಂತರು, ಧರ್ಮಾಧ್ಯಕ್ಷರುಗಳಲ್ಲದೆ ಪ್ರತಿ ಜಿಲ್ಲೆಯಿಂದ ಇಬ್ಬರು ನೈಟರೂ ಪಟ್ಟಣಗಳಿಂದ ನಾಗರಿಕರ ಪ್ರತಿನಿಧಿಗಳೂ ಕರೆಯಲ್ಪಟ್ಟರು. ಇಂದಿನ ಪಾರ್ಲಿಮೆಂಟುಗಳ ವಂಶವೃಕ್ಷ ಬರೆಯುವವರು ಈ ದಿನವನ್ನು ಮರೆಯುವುದಿಲ್ಲ. ಸೈಮನನಿಗೆ ಪ್ರಜಾಪ್ರಭುತ್ವದ ಕನಸಿತ್ತೆಂದು ಇದರ ಅರ್ಥವಲ್ಲ. ಶ್ರೀಮಂತರ ಬೆಂಬಲ ಕರಗುತ್ತಿದ್ದಾಗ ಅವನಿಗೆ ಜನರ ಬೆಂಬಲ ಬೇಕಾಗಿತ್ತು. ಅಗತ್ಯವೇ ಆ ಬಾಗಿಲನ್ನು ತೆರೆಸಿದ್ದು. ಆದರೆ ತೆರೆದ ಬಾಗಿಲನ್ನು ಮುಂದೆ ಬಂದವರು ಪೂರ್ತಿ ಮುಚ್ಚಲಾಗಲಿಲ್ಲ.

ಅದೇ ಹದಿನೈದು ತಿಂಗಳಲ್ಲಿ ಎಡ್ವರ್ಡನಿಗೆ ಸೇರಿದ ಚೆಸ್ಟರಿನ ಭೂಮಿ ಸೈಮನನ ಕೈಸೇರಿತು. ಅವನ ಗಂಡುಮಕ್ಕಳು ಕೋಟೆಗಳನ್ನೂ ಸೆರೆಯಾಳುಗಳ ಒತ್ತೆಹಣವನ್ನೂ ಬಾಚಿಕೊಂಡರು. ಬಂಧುಗಳಿಗೆ ಬೊಕ್ಕಸ ತೆರೆದನೆಂದು ಹೆನ್ರಿಯನ್ನು ದೂರಿದವನ ಮನೆಯಲ್ಲಿಯೇ ಹೀಗಾಯಿತು. ಗ್ಲಾಸ್ಟರಿನ ಯುವ ಅರ್ಲ್ ಗಿಲ್ಬರ್ಟ್ ಡಿ ಕ್ಲೇರ್ ಬೇಸತ್ತು ಬೇರೆಯಾದನು. ಜಗದ್ಗುರುಗಳ ಪ್ರತಿನಿಧಿಯಾಗಿ ಬಂದು, ಇಂಗ್ಲೆಂಡಿಗೆ ಪ್ರವೇಶ ಸಿಗದೆ ಫ್ರಾನ್ಸಿನಿಂದಲೇ ಬಂಡಾಯಗಾರರನ್ನು ಬಹಿಷ್ಕರಿಸಿದ ಗೀ ಫುಕ್ವಾ, 1265ರಲ್ಲಿ ನಾಲ್ಕನೆಯ ಕ್ಲೆಮೆಂಟರೆಂಬ ಹೆಸರಿನಿಂದ ತಾವೇ ಜಗದ್ಗುರುಗಳಾದರು. ಮೇ ತಿಂಗಳಲ್ಲಿ ಎಡ್ವರ್ಡ್ ಕಾವಲಿನಿಂದ ತಪ್ಪಿಸಿಕೊಂಡನು.

ಆಗಸ್ಟ್ 4ರ ಬೆಳಗ್ಗೆ ಈವ್‌ಷ್ಯಾಮ್ ಪಟ್ಟಣದಲ್ಲಿ ಸೈಮನ್ ತನ್ನ ಮಗನ ಸೈನ್ಯಕ್ಕಾಗಿ ಕಾಯುತ್ತಿದ್ದನು. ದೂರದಲ್ಲಿ ಮಗನ ಧ್ವಜಗಳೇ ಕಂಡವು. ಆದರೆ ಅವು ಎಡ್ವರ್ಡನು ಕೆನಿಲ್‌ವರ್ತಿನಲ್ಲಿ ಕಸಿದುಕೊಂಡಿದ್ದ ಧ್ವಜಗಳು. ಮೂರು ಕಡೆ ನದಿ, ಒಂದು ಕಡೆ ಶತ್ರು. ಅಂದು ನಡೆದದ್ದು ಯುದ್ಧವಲ್ಲ, ಕೊಲೆ ಎಂದು ಆ ಕಾಲದವರೇ ಬರೆದಿದ್ದಾರೆ. ಸೆರೆಯಾಳಾಗಿ ಸೈಮನನ ಸೈನ್ಯದ ನಡುವೆಯೇ ಇದ್ದ ಮುದಿ ಅರಸನೂ ಗಾಯಗೊಂಡು, ತಾನು ಯಾರೆಂದು ಕೂಗಿ ಹೇಳಿ ಬದುಕಿದನು. ಸೈಮನ್ ಬಿದ್ದನು. ವಿಜಯಿಗಳು ಅವನ ಹೆಣದ ರುಂಡವನ್ನೂ ಕೈಕಾಲುಗಳನ್ನೂ ಗುಪ್ತಾಂಗವನ್ನೂ ಕತ್ತರಿಸಿ, ರುಂಡವನ್ನು ರೋಜರ್ ಮಾರ್ಟಿಮರನ ಹೆಂಡತಿಗೆ ಉಡುಗೊರೆಯಾಗಿ ಕಳುಹಿಸಿದರು. ಉಳಿದದ್ದನ್ನು ಈವ್‌ಷ್ಯಾಮಿನ ಸನ್ಯಾಸಿಗಳು ತಮ್ಮ ಮಠದಲ್ಲಿ ಹೂಳಿದರು. ಕವಚದ ಒಳಗೆ ಅವನು ಒರಟು ಕೂದಲಂಗಿಯನ್ನು ತೊಟ್ಟಿದ್ದನೆಂಬ ಸುದ್ದಿ ಹರಡಿತು.

ಆಮೇಲೆ ಜನ ಬರತೊಡಗಿದರು. ಕುಂಟರು, ಜ್ವರಪೀಡಿತರು, ಮಗು ಕಳೆದುಕೊಳ್ಳುವ ಭಯದಲ್ಲಿದ್ದ ತಾಯಂದಿರು. ರೋಗಿಯ ಎತ್ತರದಷ್ಟು ದಾರವನ್ನು ಅಳೆದು, ಅದನ್ನೇ ಬತ್ತಿಮಾಡಿ ಅರ್ಲನ ಹೆಸರಿನಲ್ಲಿ ಮೇಣದಬತ್ತಿ ಹಚ್ಚುವರು. ಅವನು ಬಿದ್ದ ಸ್ಥಳದ ಬುಗ್ಗೆಯ ನೀರನ್ನು ಕೊಂಡೊಯ್ಯುವರು. ಸುಮಾರು ಇನ್ನೂರು ಅದ್ಭುತಗಳನ್ನು ಮಠದಲ್ಲಿ ಬರೆದಿಟ್ಟರು. 1266ರ ಕೆನಿಲ್‌ವರ್ತ್ ನಿರ್ಣಯದಲ್ಲಿ, ಸೈಮನನನ್ನು ಸಂತನೆಂದು ಕರೆಯಕೂಡದು, ಅವನ ಅದ್ಭುತಗಳ ಸುದ್ದಿಯನ್ನು ಹಬ್ಬಿಸಕೂಡದು ಎಂದು ವಿಧಿಸಬೇಕಾಯಿತು. ಧರ್ಮಸಭೆ ಅವನನ್ನು ಎಂದೂ ಸಂತರ ಪಟ್ಟಿಗೆ ಸೇರಿಸಲಿಲ್ಲ. ಅದು ಸರಿಯೆಂದೇ ನನ್ನ ಎಣಿಕೆ. ಹಾಗೆಂದು ಆ ಬಡವರ ಮೇಣದಬತ್ತಿಗಳನ್ನು ಮೂಢತನವೆಂದು ತಳ್ಳಿಹಾಕಲು ಮನಸ್ಸು ಬಾರದು. ತಮ್ಮ ದೂರನ್ನು ಕೇಳುವವರಿದ್ದಾರೆಂದು ಒಮ್ಮೆ ಅನಿಸಿದ್ದವರು ಅವರು. ಕೇಳುವವನು ಸತ್ತ ಮೇಲೂ ಅವರು ಹೇಳಿಕೊಳ್ಳುವುದನ್ನು ಬಿಡಲಿಲ್ಲ.

ಅರಸನ ಪಕ್ಷದವರು ಗೆದ್ದ ಎರಡೇ ವರ್ಷಗಳಲ್ಲಿ, 1267ರ ಮಾರ್ಲ್‌ಬರೋ ಶಾಸನದಲ್ಲಿ, ಸುಧಾರಕರ ಅನೇಕ ನಿಯಮಗಳನ್ನು ತಮ್ಮವೆಂಬಂತೆ ಮರಳಿ ಹೊರಡಿಸಿದರು. ಸೈಮನನ ಮಕ್ಕಳ ಕಥೆ ಬೇರೆ. 1271ರಲ್ಲಿ ಗೀ ಮತ್ತು ಕಿರಿಯ ಸೈಮನ್ ಇಟಲಿಯ ವಿಟರ್ಬೊ ನಗರದ ದೇವಾಲಯದಲ್ಲಿ ಪ್ರಾರ್ಥನೆಯಲ್ಲಿದ್ದ ಸೋದರಬಂಧು ಹೆನ್ರಿಯನ್ನು ತಂದೆಯ ಸೇಡಿಗಾಗಿ ಇರಿದು ಕೊಂದರು. ಕವಿ ಡಾಂಟೆ ತನ್ನ ಕಾವ್ಯದಲ್ಲಿ ಗೀಯನ್ನು ನರಕದ ಕುದಿಯುವ ರಕ್ತದ ಹೊಳೆಯಲ್ಲಿ ನಿಲ್ಲಿಸಿದ್ದಾನೆ. ಎಲಿನರ್ ಫ್ರಾನ್ಸಿನ ಮೊಂಟಾರ್ಜಿಯ ಕನ್ಯಾಮಠಕ್ಕೆ ಸೇರಿ, 1275ರಲ್ಲಿ ಅಲ್ಲಿಯೇ ತೀರಿಕೊಂಡಳು. ಹದಿಹರೆಯದಲ್ಲಿ ಕೈಗೊಂಡ ವ್ರತ ಒಂದರ್ಥದಲ್ಲಿ ಅವಳನ್ನು ಮರಳಿ ಕರೆಯಿತು.

ಸೈಮನನ ಉಯಿಲು ಉಳಿದು ಬಂದಿದೆ. 1259ರ ಜನವರಿ 1ರಂದು, ಬಂಡಾಯದ ಬಿರುಗಾಳಿ ಏಳುವ ಮುನ್ನ ಬರೆದದ್ದು. ಅದರಲ್ಲಿ ಅವನು ತನ್ನ ಸಾಲಗಳನ್ನು ತೀರಿಸಬೇಕೆಂದು ಕೇಳುತ್ತಾನೆ. ತನ್ನ ಭೂಮಿಯ ಬಡ ಜನರಿಂದ, ಅದರಲ್ಲಿಯೂ ಹೊಲ ಉಳುವವರಿಂದ, ತಾನು ಅನ್ಯಾಯವಾಗಿ ಪಡೆದಿದ್ದರೆ ಅದನ್ನು ಅವರಿಗೆ ಹಿಂದಿರುಗಿಸಬೇಕೆಂದು ಕೇಳುತ್ತಾನೆ. ಅದನ್ನು ಓದುವಾಗ, ಅರಸನೊಂದಿಗೆ ಅಷ್ಟು ಬಿಗಿಯಾಗಿದ್ದ ಮನುಷ್ಯನ ಗಂಟಲು ಸ್ವಲ್ಪ ಕಟ್ಟಿದಂತೆ ಕೇಳಿಸುತ್ತದೆ. ಲೆಸ್ಟರಿನಿಂದ ಹೊರಗಟ್ಟಿದವರ ಮಾತು ಅದರಲ್ಲಿಲ್ಲ. ತನ್ನ ಹೆಂಡತಿಯನ್ನು ಅದನ್ನು ನಡೆಸಿಕೊಡುವವಳನ್ನಾಗಿ ನೇಮಿಸಿ, ಅವಳಿಗೆ ಆಗದಿದ್ದರೆ ಹಿರಿಯ ಮಗ ಹೆನ್ರಿ ಮಾಡಲಿ ಎಂದಿದ್ದಾನೆ. ಅರಸನ ಹೆಸರನ್ನೇ ಇಟ್ಟುಕೊಂಡಿದ್ದ ಆ ಮಗನೇ ತಂದೆಗಾಗಿ ಉಯಿಲನ್ನು ತನ್ನ ಕೈಯಾರೆ ಬರೆದನು. ಆರು ವರ್ಷಗಳ ಬಳಿಕ ಈವ್‌ಷ್ಯಾಮಿನ ಅದೇ ಹೊಲದಲ್ಲಿ ಅವನೂ ಸತ್ತನು.